ಅಕ್ವೇರಿಯಂ ಕೂಡ ಒಂದು ಗದ್ದೆಯೇ

ಹೋದ ತಿಂಗಳು ಒಬ್ಬ ಹುಡುಗ ಫೋನ್ ಮಾಡಿದ್ದ. ಅಡಿಕೆ, ಸ್ವಲ್ಪ ಗದ್ದೆ, ಒಂದು ಕೃಷಿ ಹೊಂಡ ಇರುವ ಮನೆಯವನು. "ಅಣ್ಣಾ, ಭಾನುವಾರ ಅಕ್ವೇರಿಯಂ ತಂದೆ. ಹತ್ತು ಮೀನಲ್ಲಿ ಏಳು ಹೋದ್ವು. ನೀರು ಮಾತ್ರ ಕನ್ನಡಿ ಹಾಗಿದೆ. ಯಾವ ಔಷಧಿ ಹಾಕ್ಬೇಕು?"

ಈ ಪ್ರಶ್ನೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ರೈತರ ವಾಟ್ಸಾಪ್ ಗುಂಪುಗಳಲ್ಲಿ ದಿನಾ ಬೆಳಿಗ್ಗೆ ಬರುವುದು ಇದೇ. ಹಳದಿ ಎಲೆಯ ಒಂದು ಫೋಟೊ, ಕೆಳಗೆ "ಏನು ಹೊಡೀಬೇಕು?" ಅಂತ ಒಂದು ಸಾಲು. ಮಣ್ಣು ಯಾವುದು, ನೀರು ಯಾವುದು, ಹೋದ ವಾರ ಏನು ಹಾಕಿದ್ರಿ, ಒಂದೂ ಇರುವುದಿಲ್ಲ. ಔಷಧಿಯ ಹೆಸರು ಒಂದು ಬೇಕು ಅಷ್ಟೇ.

ಕೃಷಿ ಜಾಲತಾಣದಲ್ಲಿ ಅಕ್ವೇರಿಯಂ ವಿಷಯ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಶೋಕಿ ವಸ್ತು, ಪೇಟೆಯವರ ಹವ್ಯಾಸ ಅಂತಲೇ ನಾವು ಅದನ್ನು ನೋಡಿದ್ದೇವೆ. ನನ್ನ ಅಭಿಪ್ರಾಯ ಬೇರೆ. ಮೀನು, ಬಸವನಹುಳು, ಸೀಗಡಿ, ಜೀವಂತ ಗಿಡ ಎಲ್ಲ ಇರುವ ಒಂದು ಗಾಜಿನ ತೊಟ್ಟಿ ಅಂದರೆ ನೀರು ನಿಂತ ಸಣ್ಣ ಗದ್ದೆ. ಅಲ್ಲಿನ ಸಾರಜನಕ, ಸುಣ್ಣ, ತಾಮ್ರ, ಕಳೆ ಎಲ್ಲವೂ ನಮ್ಮ ಹೊಲದ್ದೇ. ಗದ್ದೆ ಅಂತ ತಿಳಿದು ನಡೆಸಿದರೆ ಅದು ನಿಲ್ಲುತ್ತದೆ, ಅಲಂಕಾರದ ಪೆಟ್ಟಿಗೆ ಅಂತ ನಡೆಸಿದರೆ ಬೀಳುತ್ತದೆ. ಇನ್ನೊಂದು ವಿಷಯ, ಇದರ ಬಗ್ಗೆ ಯಾರೂ ಜೋರಾಗಿ ಹೇಳುತ್ತಿಲ್ಲ: ಈ ತೊಟ್ಟಿಯ ಜೀವಿಗಳು ನಮ್ಮ ಹೊಂಡಕ್ಕೋ ಕೆರೆಗೋ ಇಳಿದರೆ ಆಗುವ ನಷ್ಟ ಪೇಟೆಯವರದ್ದಲ್ಲ, ನಮ್ಮದು.

ಮೊದಲು ಆ ಏಳು ಮೀನಿನ ವಿಷಯ ಮುಗಿಸೋಣ.

ಮೀನು ತನ್ನ ಕಿವಿರಿನ ಮೂಲಕವೇ ಅಮೋನಿಯಾ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾ. ಹೊಸ ತೊಟ್ಟಿಯಲ್ಲಿ ಅದನ್ನು ತಿನ್ನುವವರು ಯಾರೂ ಇಲ್ಲ. ಅಮೋನಿಯಾಕ್ಕೆ ಬಣ್ಣ ಇಲ್ಲ, ಹಾಗಾಗಿ ನೀರು ಕನ್ನಡಿಯ ಹಾಗೇ ಇರುತ್ತದೆ, ಮೀನು ಮಾತ್ರ ಮೇಲೆ ಬಂದು ಬಾಯಿ ಬಿಡುತ್ತದೆ. ಕಾಲ ಕಳೆದಂತೆ ಒಂದು ಗುಂಪಿನ ಬ್ಯಾಕ್ಟೀರಿಯಾ ಬಂದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ಬಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಮಿತಿಯಲ್ಲಿದ್ದರೆ ಮೀನಿಗೆ ತೊಂದರೆ ಇಲ್ಲ, ಗಿಡಕ್ಕೆ ಊಟ. ಈ ಎರಡು ಗುಂಪು ನೆಲೆಯೂರಲು ನಮ್ಮ ಹವೆಯಲ್ಲಿ ಸುಮಾರು ಮೂರರಿಂದ ಆರು ವಾರ ಬೇಕು. ಹುಡುಗ ಕೊಟ್ಟದ್ದು ನಾಲ್ಕು ದಿನ.

ಇದು ಹೊಸ ವಿಷಯ ಏನಲ್ಲ. ನೀವು ಯೂರಿಯಾ ಹಾಕಿದಾಗ ಹೊಲದಲ್ಲಿ ನಡೆಯುವುದೂ ಇದೇ. ಯೂರಿಯಾ ಅಮೋನಿಯಂ ಆಗಿ, ನೈಟ್ರೈಟ್ ಆಗಿ, ನೈಟ್ರೇಟ್ ಆಗುವುದು ಇದೇ ಬಳಗದ ಸೂಕ್ಷ್ಮಜೀವಿಗಳಿಂದ. ನಾನು ತೋಟಗಾರಿಕೆ ಓದುವಾಗ ಪರೀಕ್ಷೆಯಲ್ಲಿ ಈ ಸಾರಜನಕ ಚಕ್ರದ ಚಿತ್ರ ಬರೆದು ಪೂರ್ತಿ ಅಂಕ ತಗೊಂಡವನು. ಅದೇ ವಾರ ಹಾಸ್ಟೆಲ್ ರೂಮಿನಲ್ಲಿ ಒಂದು ಗಾಜಿನ ಬಟ್ಟಲಲ್ಲಿ ಎರಡು ಗೋಲ್ಡ್‌ಫಿಶ್ ಸಾಯಿಸಿದೆ. ಎರಡಕ್ಕೂ ಸಂಬಂಧ ಇದೆ ಅಂತ ತಲೆಗೆ ಹೋಗಲೇ ಇಲ್ಲ. (ಬಟ್ಟಲಿನ ವಿಷಯ ಬಂತು, ಹೇಳಿಬಿಡ್ತೀನಿ: ಗೋಲ್ಡ್‌ಫಿಶ್ ಸರಿಯಾಗಿ ಸಾಕಿದರೆ ಗೇಣುದ್ದ ಬೆಳೆದು ಹತ್ತು ವರ್ಷ ದಾಟಿ ಬದುಕುವ ಮೀನು. ಅದನ್ನು ಬಟ್ಟಲಲ್ಲಿ ಮಾರುವವರಿಗೆ ಏನು ಹೇಳಬೇಕೋ ಗೊತ್ತಿಲ್ಲ.)

ಬಯಲುಸೀಮೆಯವರು ಇನ್ನೊಂದು ಮಾತು ಗಮನಿಸಬೇಕು. ನೀರಿನ ಪಿಎಚ್ ಏರಿದಂತೆ ಅಮೋನಿಯಾದ ವಿಷವೂ ಏರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದಲ್ಲಿರುವುದು ಶೇಕಡ ಅರ್ಧದಷ್ಟು. ಪಿಎಚ್ 8 ಆದರೆ ಶೇ 5 ದಾಟುತ್ತದೆ. 9 ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅಂದರೆ ಗಡಸು ಬೋರ್‌ವೆಲ್ ನೀರು, ಪಿಎಚ್ 8ರ ಆಚೀಚೆ ಇರುವ ಕಡೆ, ಅಷ್ಟೇ ಮೀನು ಅಷ್ಟೇ ಕಸ ಇದ್ದರೂ ಹೊಡೆತ ಹತ್ತು ಪಟ್ಟು. ಮಲೆನಾಡಿನ ಗೆಳೆಯ ಒಂದೇ ದಿನಕ್ಕೆ ಮೀನು ಬಿಟ್ಟು ಪಾರಾದ ಅಂತ ಕೋಲಾರದವರು ಹಾಗೆ ಮಾಡಬೇಡಿ.

ಹಾಗಾದರೆ ಶುರು ಮಾಡುವುದು ಹೇಗೆ? ಮೀನಿನಿಂದ ಅಲ್ಲ. ಮಣ್ಣಿನಿಂದ, ಗಿಡದಿಂದ.

ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ತಗೊಳ್ಳಿ. ಸುಮಾರು 70 ಲೀಟರ್ ಹಿಡಿಯುತ್ತದೆ. ತುಂಬಿದ ಮೇಲೆ ಗಾಜು, ಮಣ್ಣು ಎಲ್ಲ ಸೇರಿ ಒಂದು ಕ್ವಿಂಟಲ್ ಹತ್ತಿರ ತೂಗುತ್ತದೆ, ಹಳೇ ಟಿವಿ ಸ್ಟ್ಯಾಂಡ್ ಮೇಲೆ ಇಡಬೇಡಿ. ತಳಕ್ಕೆ ಒಂದು ಇಂಚು ಸಾದಾ ಮಣ್ಣು, ಅದರ ಮೇಲೆ ಒಂದರಿಂದ ಒಂದೂವರೆ ಇಂಚು ತೊಳೆದ ದಪ್ಪ ಮರಳು ಅಥವಾ ಸಣ್ಣ ಜಲ್ಲಿ. ಈ ಮಣ್ಣಿನ ಪದ್ಧತಿಯನ್ನು ಹವ್ಯಾಸಿಗಳಲ್ಲಿ ಹೆಸರುವಾಸಿ ಮಾಡಿದವರು ಅಮೆರಿಕದ ಡಯಾನಾ ವಾಲ್‌ಸ್ಟಡ್. 1999ರಲ್ಲಿ ಬಂದ ಅವರ ಪುಸ್ತಕದ ಮುಖ್ಯ ಮಾತುಗಳಲ್ಲಿ ಒಂದು, ನೀರಿನ ಗಿಡಗಳು ನೈಟ್ರೇಟಿಗಿಂತ ಮೊದಲು ಅಮೋನಿಯಂ ಅನ್ನೇ ಹೀರುತ್ತವೆ ಅನ್ನುವುದು. ಇದನ್ನು ಓದಿದಾಗ ನನಗೆ ನಗು ಬಂತು. ಭತ್ತದ ಗದ್ದೆಗೆ ಯಾಕೆ ನೈಟ್ರೇಟ್ ಗೊಬ್ಬರ ಹಾಕುವುದಿಲ್ಲ ಅಂತ ನಮಗೆ ಮೊದಲ ವರ್ಷವೇ ಹೇಳಿಕೊಟ್ಟಿರಲಿಲ್ವಾ? ನೀರು ನಿಂತ ಕೆಸರಲ್ಲಿ ನೈಟ್ರೇಟ್ ಗಾಳಿಗೆ ಹೋಗುತ್ತದೆ, ಭತ್ತ ಅಮೋನಿಯಂ ರೂಪವನ್ನೇ ಚೆನ್ನಾಗಿ ಬಳಸುತ್ತದೆ. ಗಾಜಿನೊಳಗೂ ಅದೇ ಕತೆ. ಬೇಗ ಬೆಳೆಯುವ ಗಿಡ ಮೊದಲ ದಿನವೇ ದಟ್ಟವಾಗಿ ನೆಟ್ಟರೆ, ಬ್ಯಾಕ್ಟೀರಿಯಾ ಬರುವ ತನಕ ಅಮೋನಿಯಾವನ್ನು ಗಿಡವೇ ತಿಂದು ಅರ್ಧ ಕೆಲಸ ಮುಗಿಸಿರುತ್ತದೆ.

ಮಣ್ಣಿನ ವಿಷಯದಲ್ಲಿ ಸಾವಯವದವರಾದ ನಾವೇ ತಪ್ಪು ಮಾಡುವುದು ಹೆಚ್ಚು. ಕೈ ಸುಮ್ಮನಿರಲ್ಲ. ಒಂದು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನಹಿಂಡಿ ಅಂತ ಹಾಕಿಬಿಡುತ್ತೇವೆ. ಬೇಡ. ನೀರಿನಡಿ ಅದು ಕೊಳೆತು ಅಮೋನಿಯಾ ಉಕ್ಕುತ್ತದೆ, ಬೇವಿನಹಿಂಡಿಯಂತೂ ಸೀಗಡಿಗೆ ವಿಷ. ಗೊಬ್ಬರ ಬೀಳದ ಜಾಗದ ಸಾದಾ ಮಣ್ಣು ಸಾಕು. ಒಬ್ಬರು ಜೀವಾಮೃತ ಹಾಕಬಹುದಾ ಅಂತ ಕೇಳಿದ್ದರು. ಸಗಣಿ, ಗಂಜಲ, ಬೆಲ್ಲ ಸೇರಿದ ನೀರು ತೊಟ್ಟಿಗೆ ಬಿದ್ದರೆ ರಾತ್ರಿ ಕಳೆಯುವುದರೊಳಗೆ ಆಮ್ಲಜನಕ ಖಾಲಿ. ಆದರೆ ಜೀವಾಮೃತದ ಒಂದು ಬುದ್ಧಿ ಇಲ್ಲಿಗೂ ಬೇಕು: ಬದುವಿನ ಒಂದು ಹಿಡಿ ಮಣ್ಣು. ಅದು ಹೆಪ್ಪು. ಹಾಗೆಯೇ, ವರ್ಷಗಳಿಂದ ಚೆನ್ನಾಗಿ ನಡೆಯುತ್ತಿರುವ ಯಾರದ್ದಾದರೂ ಅಕ್ವೇರಿಯಂನ ಫಿಲ್ಟರ್ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ, ನಿಮ್ಮ ಫಿಲ್ಟರಿನಲ್ಲಿ ಇಡಿ. ಆರು ವಾರದ ಕೆಲಸ ಎರಡಕ್ಕೆ ಇಳಿಯಬಹುದು. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾಕ್ಕಿಂತ ನನಗೆ ಈ ಸ್ಪಂಜಿನ ಮೇಲೆ ನಂಬಿಕೆ.

ಆಮೇಲೆ ಆ ಸ್ಪಂಜನ್ನು ನಲ್ಲಿ ಕೆಳಗೆ ಉಜ್ಜಿ ತೊಳೆಯಬೇಡಿ. ಬ್ಯಾಕ್ಟೀರಿಯಾ ಇರುವುದು ನೀರಲ್ಲಲ್ಲ, ಸ್ಪಂಜಿನಲ್ಲಿ, ಮರಳಿನ ಮೇಲೆ, ಎಲೆಯ ಮೇಲೆ. ಕ್ಲೋರಿನ್ ಇರುವ ನೀರು ಬಿದ್ದರೆ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಎರಡು ಸಲ ಹಿಂಡಿದರೆ ಆಯಿತು. ಬಾವಿ ನೀರಿನವರಿಗೆ ಕ್ಲೋರಿನ್ ಚಿಂತೆ ಇಲ್ಲ, ಆದರೆ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ವಾರ ಹುಷಾರು.

ಬಸವನಹುಳುವಿನ ಚಿಪ್ಪು ನೋಡಿ

ಮಲೆನಾಡು, ಕರಾವಳಿಯ ನೀರು ಮೆದು, ಹೆಚ್ಚಾಗಿ ಹುಳಿ. ಇಂಥ ನೀರಿನ ತೊಟ್ಟಿಯಲ್ಲಿ ಕೆಲವು ತಿಂಗಳಾದ ಮೇಲೆ ಬಸವನಹುಳುವಿನ ಚಿಪ್ಪಿನ ತುದಿ ಬೆಳ್ಳಗಾಗಿ, ಸವೆದು, ತೂತು ಬೀಳುತ್ತದೆ. ಅಂಗಡಿಯವರು ರೋಗ ಅನ್ನುತ್ತಾರೆ. ರೋಗ ಅಲ್ಲ, ಸುಣ್ಣ ಇಲ್ಲ. ಹುಳಿ ಮಣ್ಣಿನ ಅಡಿಕೆ ತೋಟಕ್ಕೆ ನಾವು ಸುಣ್ಣ ಕೊಡುವುದು ಯಾಕೋ ಅದೇ ಕಾರಣ. ಮಣ್ಣು ಪರೀಕ್ಷೆಯ ಕಾಗದ ಅರ್ಥ ಆಗದವರಿಗೂ ಈ ಚಿಪ್ಪು ಅರ್ಥ ಆಗುತ್ತದೆ. ನಾಲ್ಕು ಕಪ್ಪೆಚಿಪ್ಪು ತೊಳೆದು ಫಿಲ್ಟರಿನ ಹತ್ತಿರ ಹಾಕಿ, ಅದು ನಿಧಾನಕ್ಕೆ ಕರಗುತ್ತಾ ನೀರಿಗೆ ಕ್ಯಾಲ್ಸಿಯಂ ಕೊಡುತ್ತದೆ. ಪುಡಿಸುಣ್ಣ ಮಾತ್ರ ಹಾಕಬೇಡಿ, ಪಿಎಚ್ ಒಂದೇ ಏಟಿಗೆ ಹಾರುತ್ತದೆ. ಸೀಗಡಿಗೂ ಈ ಕ್ಯಾಲ್ಸಿಯಂ ಬೇಕೇ ಬೇಕು. ಬೆಳೆಯುವಾಗ ಅದು ಹಳೇ ಚಿಪ್ಪು ಕಳಚಿ ಹೊಸದು ಕಟ್ಟಿಕೊಳ್ಳಬೇಕು, ಖನಿಜ ಕಡಿಮೆಯಾದರೆ ಕಳಚುವಾಗಲೇ ಸಿಕ್ಕಿಕೊಂಡು ಸಾಯುತ್ತದೆ. ಬಯಲುಸೀಮೆಯವರಿಗೆ ಈ ಒಂದು ವಿಷಯದಲ್ಲಿ ಅದೃಷ್ಟ. ಗಡಸು ನೀರು ಚೆರ್ರಿ ಸೀಗಡಿಗೆ ಒಗ್ಗುತ್ತದೆ.

ಬಸವನಹುಳು ವಿಪರೀತ ಹೆಚ್ಚಾದರೆ ಅದನ್ನು ಕೊಲ್ಲಲು ಔಷಧಿ ಹುಡುಕಬೇಡಿ. ಅದು ಕಳೆಯ ಹಾಗೆ. ಎಲ್ಲಿ ಹೆಚ್ಚುವರಿ ಆಹಾರ ಬೀಳುತ್ತಿದೆಯೋ ಅಲ್ಲಿ ಹುಟ್ಟುತ್ತದೆ. ಮೀನಿಗೆ ಹಾಕುವ ಆಹಾರ ಅರ್ಧ ಮಾಡಿ, ಎರಡು ತಿಂಗಳಲ್ಲಿ ಲೆಕ್ಕ ಸರಿಹೋಗುತ್ತದೆ. ಮೊಳೆಯ ಹಾಗೆ ಉದ್ದ ಚಿಪ್ಪಿನ ಟ್ರಂಪೆಟ್ ಬಸವನಹುಳು ಹಗಲಿಡೀ ಮರಳಿನೊಳಗೆ ತಿರುಗಾಡಿ ಅದನ್ನು ಸಡಿಲ ಮಾಡುತ್ತದೆ. ತೊಟ್ಟಿಯ ಎರೆಹುಳು ಅನ್ನಿ. ಅದನ್ನು ಕಂಡು ಹೇಸುವವರು ಸಾವಯವದ ಮಾತಾಡಬಾರದು.

ಆದರೆ ಬಸವನಹುಳು ಬೇಕು ಅಂತ ದನ ಮೀಯುವ ಕೆರೆಗೆ ಇಳಿದು ಹಿಡಿದು ತರಬೇಡಿ. ಚಪ್ಪಟೆ ಸುರುಳಿಯ ಕಂದು ಬಸವನಹುಳು, ಇಂಡೊಪ್ಲಾನಾರ್ಬಿಸ್ ಅಂತ ಅದರ ಹೆಸರು, ನಮ್ಮ ಕೆರೆಕುಂಟೆಗಳಲ್ಲಿ ಮಾಮೂಲಿ. ದನಗಳಿಗೆ ಬರುವ ಗೊರಕೆ ರೋಗದ ಹುಳ ತನ್ನ ಬಾಳಿನ ಒಂದು ಹಂತ ಕಳೆಯುವುದು ಇದರ ಮೈಯಲ್ಲೇ. ಅಲ್ಲಿಂದ ಹೊರಟ ಮರಿ ನೀರಲ್ಲಿ ಈಜಿ ದನದ ಚರ್ಮ ಕೊರೆದು ಒಳಗೆ ಹೋಗುತ್ತದೆ. ಮನುಷ್ಯರ ಕೈಗೂ ತುರಿಕೆ ಬರಿಸುತ್ತದೆ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ತಲೆಮಾರಿನ ಬಸವನಹುಳು ತಗೊಳ್ಳಿ, ದನದ ಸಂಪರ್ಕವೇ ಇಲ್ಲದ್ದರಿಂದ ಆ ಭಯ ಇಲ್ಲ.

ಒಂದು ಬಕೆಟ್ಟಿನ ಕತೆ

ಈ ಲೇಖನ ಬರೆಯಲು ನಿಜವಾದ ಕಾರಣ ಇದು.

ಮೂರು ವರ್ಷದ ಹಿಂದೆ ನನ್ನ ತೊಟ್ಟಿಯಲ್ಲಿ ಐವತ್ತಕ್ಕೂ ಹೆಚ್ಚು ಕೆಂಪು ಚೆರ್ರಿ ಸೀಗಡಿ ಇದ್ದವು. ಹತ್ತರಿಂದ ಶುರುವಾಗಿದ್ದು. ಹೆಣ್ಣು ಸೀಗಡಿ ಹೊಟ್ಟೆಯಡಿ ಇಪ್ಪತ್ತು ಮೂವತ್ತು ಮೊಟ್ಟೆ ಕಚ್ಚಿಕೊಂಡು ಮೂರು ನಾಲ್ಕು ವಾರ ತಿರುಗುತ್ತದೆ. ಹೊರಬರುವ ಮರಿ ಅಮ್ಮನ ತದ್ರೂಪು, ಅಕ್ಕಿಯ ನುಚ್ಚಿನಷ್ಟು. ದೊಡ್ಡ ಮೀನು ಇಲ್ಲದಿದ್ದರೆ, ಪಾಚಿ ಗಿಡದ ಪೊದೆ ಇದ್ದರೆ ಸಾಕು, ಅವು ಸಂಸಾರ ಬೆಳೆಸುತ್ತವೆ. ಸಂಜೆ ತೋಟದಿಂದ ಬಂದು ಅದರ ಎದುರು ಕೂತರೆ ಅರ್ಧ ಗಂಟೆ ಹೋದದ್ದು ಗೊತ್ತಾಗುತ್ತಿರಲಿಲ್ಲ.

ಜೂನ್ ಮೊದಲ ವಾರ, ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೊ ಹೊಡೆಸಿದ್ದೆವು. ಶೇ 1ರ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸಾವಯವದಲ್ಲೂ ಮಿತಿಯೊಳಗೆ ತಾಮ್ರಕ್ಕೆ ಅನುಮತಿ ಇದೆ, ನಮ್ಮ ಮಳೆಗೆ ಬೇರೆ ದಾರಿ ನನಗಂತೂ ಕಂಡಿಲ್ಲ. ಮೈಲುತುತ್ತ ಕರಗಿಸಿದ ಪ್ಲಾಸ್ಟಿಕ್ ಬಕೆಟನ್ನು ಮೂರು ಸಲ ತೊಳೆದು ಬಚ್ಚಲಿನ ಹತ್ತಿರ ಕವುಚಿ ಹಾಕಿದ್ದರು. ಮಾರನೇ ಭಾನುವಾರ ತೊಟ್ಟಿಯ ನೀರು ಬದಲಿಸಲು ನಾನು ಅದೇ ಬಕೆಟ್ ತಗೊಂಡೆ. ಎರಡು ಬಕೆಟ್ ನೀರು. ರಾತ್ರಿ ಹತ್ತಕ್ಕೆ ಸೀಗಡಿಗಳು ಗುರಿ ಇಲ್ಲದೆ ಮೇಲೆ ಕೆಳಗೆ ಹಾರಾಡುತ್ತಿದ್ದವು. ಬೆಳಿಗ್ಗೆ ಮರಳಿನ ಮೇಲೆ ಎಲ್ಲವೂ ಮಗುಚಿ ಬಿದ್ದು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಮೀನುಗಳಿಗೆ ಏನೂ ಆಗಿರಲಿಲ್ಲ. ಬಸವನಹುಳುಗಳು ಚಿಪ್ಪು ಮುಚ್ಚಿ ಮೂಲೆಯಲ್ಲಿ ಬಿದ್ದಿದ್ದವು, ಕೆಲವು ಮತ್ತೆ ಏಳಲೇ ಇಲ್ಲ.

ಸೀಗಡಿಯ ರಕ್ತದಲ್ಲಿ ನಮ್ಮ ಹಾಗೆ ಕಬ್ಬಿಣ ಇಲ್ಲ, ಆಮ್ಲಜನಕ ಹೊರುವುದು ತಾಮ್ರವೇ. ಆದರೂ ನೀರಲ್ಲಿ ಕರಗಿದ ತಾಮ್ರ ಒಂದು ಚೂರು ಹೆಚ್ಚಾದರೆ ತಡೆಯಲಾರದು. ಮೂರು ಸಲ ತೊಳೆದ ಬಕೆಟ್ಟಿನಲ್ಲಿ ಉಳಿದದ್ದು ಎಷ್ಟಿರಬಹುದು? ಕಣ್ಣಿಗೆ ನೀಲಿ ಕಾಣುತ್ತಿರಲಿಲ್ಲ.

ಆ ದಿನ ನಾನು ತೋಟದ ಕೆಳಗಿನ ಕಾಲುವೆ ನೋಡಲು ಹೋದೆ. ಬೋರ್ಡೊ ಡ್ರಮ್ ತೊಳೆದ ನೀರು ಸೀದಾ ಅಲ್ಲಿಗೇ ಹೋಗಿತ್ತು. ಪ್ರತಿ ವರ್ಷ ಹೋಗುತ್ತಿತ್ತು. ಚಿಕ್ಕವನಿದ್ದಾಗ ಆ ಕಾಲುವೆಯಲ್ಲಿ ಟವೆಲ್ ಹಿಡಿದರೆ ಗಾಜಿನಂಥ ಸಣ್ಣ ಸೀಗಡಿ ಸಿಗುತ್ತಿದ್ದವು. ಅವು ಹೋಗಲು ತಾಮ್ರವೇ ಕಾರಣ ಅಂತ ನಾನು ಸಾಬೀತು ಮಾಡಲಾರೆ, ಮರಳು ತೆಗೆದಿದ್ದಾರೆ, ಬೇಸಿಗೆಯಲ್ಲಿ ಹರಿವೂ ನಿಂತಿದೆ. ಆದರೆ ಅಂದಿನಿಂದ ಡ್ರಮ್ ತೊಳೆದ ನೀರಿಗೆ ತೋಟದ ಮೇಲ್ಭಾಗದಲ್ಲಿ ಒಂದು ಇಂಗುಗುಂಡಿ ತೋಡಿಸಿದ್ದೇನೆ. ಸೀಗಡಿ ಸಾಕದೇ ಇದ್ದಿದ್ದರೆ ತೋಡಿಸುತ್ತಿರಲಿಲ್ಲ.

ಹಾಗಾಗಿ ಮೂರು ಮಾತು ಗಟ್ಟಿಯಾಗಿ ನೆನಪಿಡಿ. ತೊಟ್ಟಿಗೆ ಬೇರೆ ಬಕೆಟ್, ಬೇರೆ ಮಗ್, ಬೇರೆ ಪೈಪು. ತಳಕ್ಕೆ ಹಾಕುವ ಮಣ್ಣನ್ನು ವರ್ಷಗಟ್ಟಲೆ ಬೋರ್ಡೊ ಬಿದ್ದ ಅಡಿಕೆ ತೋಟದಿಂದ ತರಬೇಡಿ, ತಾಮ್ರ ಮಣ್ಣಲ್ಲಿ ಕೂತಿರುತ್ತದೆ. ಮತ್ತೆ, ಅಂಗಡಿಯಲ್ಲಿ ಸಿಗುವ ಬಸವನಹುಳು ನಾಶಕ, ಕೆಲವು ಮೀನಿನ ಔಷಧಿಗಳಲ್ಲೂ ಇರುವುದು ತಾಮ್ರವೇ, ಲೇಬಲ್ ಓದಿ. ಕೀಟನಾಶಕದ ಬಗ್ಗೆ ಹೇಳಲೇ ಬೇಕಾಗಿಲ್ಲ, ಸೀಗಡಿ ಕೀಟದ ದೂರದ ನೆಂಟ. ಸಿಂಪಡಣೆ ಮಾಡಿದ ಕೈ ಸೋಪಿನಲ್ಲಿ ತೊಳೆಯದೆ ತೊಟ್ಟಿಗೆ ಇಳಿಸಬೇಡಿ. ಸೊಳ್ಳೆ ಓಡಿಸುವ ಲಿಕ್ವಿಡ್ ಯಂತ್ರವನ್ನೂ ಆ ಕೋಣೆಯಲ್ಲಿ ಹಚ್ಚಬೇಡಿ.

ಗಿಡದ ವಿಷಯಕ್ಕೆ ಬಂದರೆ ನಗು ಬರುತ್ತದೆ. ಗದ್ದೆಯಲ್ಲಿ ನಾವು ಕಿತ್ತು ಬದುವಿಗೆ ಎಸೆಯುವ ರೊಟಾಲಾ, ನಾಲ್ಕೆಲೆಯ ಮಾರ್ಸಿಲಿಯಾ, ನೀರುಬ್ರಾಹ್ಮಿ, ಕೆರೆಯ ಹೈಡ್ರಿಲ್ಲಾ, ಹೊಳೆಯ ವ್ಯಾಲಿಸ್ನೇರಿಯಾ, ಇವನ್ನೇ ಪೇಟೆಯಲ್ಲಿ ಸಣ್ಣ ಕಪ್ಪಿನಲ್ಲಿಟ್ಟು ಮಾರುತ್ತಾರೆ. ಪಶ್ಚಿಮ ಘಟ್ಟದ ತೊರೆಗಳ ಕ್ರಿಪ್ಟೊಕೊರೈನ್ ಬಳಗದ ಗಿಡಗಳಿಗೆ ಜಗತ್ತಿನಾದ್ಯಂತ ಹವ್ಯಾಸಿಗಳಿದ್ದಾರೆ. ಗದ್ದೆಯ ಕಳೆ ತರುವುದಾದರೆ ಕಳೆನಾಶಕ, ಕೀಟನಾಶಕ ಬೀಳದ ಗದ್ದೆಯಿಂದ ತನ್ನಿ, ಎರಡು ವಾರ ಬೇರೆ ಟಬ್ಬಿನಲ್ಲಿಡಿ. ಇಲ್ಲದಿದ್ದರೆ ಜೊತೆಗೆ ಏರೋಪ್ಲೇನ್ ಚಿಟ್ಟೆಯ ಮರಿ ಬರುತ್ತದೆ. ಗದ್ದೆಯಲ್ಲಿ ಅದು ನಮ್ಮ ಗೆಳೆಯ, ಗಾಜಿನೊಳಗೆ ದಿನಕ್ಕೊಂದು ಸೀಗಡಿ ಹಿಡಿದು ತಿನ್ನುವ ಹುಲಿ. ತೊರೆಯ ಗಿಡ, ತೊರೆಯ ಮೀನು ಮಾತ್ರ ಕೀಳಬೇಡಿ, ಹಿಡಿಯಬೇಡಿ. ಕೆಂಪು ಗೆರೆಯ ಡೆನಿಸನ್ ಬಾರ್ಬ್, ಮಿಸ್ ಕೇರಳ ಅಂತ ಕರೆಯುತ್ತಾರಲ್ಲ, ಘಟ್ಟದ ಹೊಳೆಗಳಿಂದ ಹಿಡಿದು ಹಿಡಿದು ಮಾರಿಯೇ ಅದು ಇಂದು ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅಪಾಯದಲ್ಲಿರುವ ಮೀನಾಗಿದೆ.

ಹೊಂಡಕ್ಕೆ ಬಿಡುವ 'ಪುಣ್ಯ'

ಈಗ ಜಗಳದ ವಿಷಯ. ಮೀನು ಸಾಕಿ ಸಾಕಾದವರು, ಮನೆ ಬದಲಿಸುವವರು, ಮೀನು ದೊಡ್ಡದಾಯಿತು ಅನ್ನುವವರು ಒಂದು ಕೆಲಸ ಮಾಡುತ್ತಾರೆ. ಕೊಲ್ಲಲು ಮನಸ್ಸು ಬಾರದೆ ಹತ್ತಿರದ ಕೆರೆಗೆ ಬಿಟ್ಟು ಕೈ ಮುಗಿದು ಬರುತ್ತಾರೆ. ನಮ್ಮವರು ಕೃಷಿ ಹೊಂಡಕ್ಕೆ ಬಿಡುತ್ತಾರೆ. ಪುಣ್ಯದ ಕೆಲಸ ಅಂತ ನಂಬಿದ್ದಾರೆ. ನನ್ನ ಪ್ರಕಾರ ಅದು ಪಕ್ಕದ ಹೊಲಕ್ಕೆ ಕಳೆ ಬೀಜ ಎರಚಿದ ಹಾಗೆ.

ತೋಟಗಾರಿಕೆ ಓದಿದವನಾಗಿ ನನಗೆ ಮೊದಲು ನೆನಪಾಗುವುದು ಆಫ್ರಿಕನ್ ದೈತ್ಯ ಬಸವನಹುಳು. ಮಳೆ ಶುರುವಾದರೆ ಪಪ್ಪಾಯ, ಬಾಳೆ, ಅಡಿಕೆ ಸಸಿ, ತರಕಾರಿ ಯಾವುದನ್ನೂ ಬಿಡದ ಆ ಶಂಖದ ಹುಳು ಇಲ್ಲಿಯದಲ್ಲ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಚಿಪ್ಪುಜೀವಿ ಆಸಕ್ತ ಮಾರಿಷಸ್‌ನಿಂದ ಕೋಲ್ಕತ್ತಕ್ಕೆ ತಂದ ಕೆಲವೇ ಹುಳುಗಳನ್ನು ಅಲ್ಲಿನ ತೋಟವೊಂದಕ್ಕೆ ಬಿಡಲಾಯಿತು. ಹವ್ಯಾಸ ಒಬ್ಬರದ್ದು. ಇವತ್ತು ರಾತ್ರಿ ಟಾರ್ಚ್ ಹಿಡಿದು ಹುಳು ಆರಿಸಿ ಉಪ್ಪಿನ ಡಬ್ಬಿಗೆ ಹಾಕುತ್ತಿರುವವರು ನಾವು.

ಗದ್ದೆಯವರು ಕೇಳಬೇಕಾದ ಇನ್ನೊಂದು ಹೆಸರು ಗೋಲ್ಡನ್ ಆಪಲ್ ಬಸವನಹುಳು. ದಕ್ಷಿಣ ಅಮೆರಿಕದ್ದು. 1980ರ ಸುಮಾರಿಗೆ ಸಾಕಿ ತಿನ್ನಲು ಅಂತ ತೈವಾನಿಗೆ ತಂದರು, ಫಿಲಿಪೈನ್ಸಿಗೂ ಹೋಯಿತು. ರುಚಿ ಹಿಡಿಸಲಿಲ್ಲ, ವ್ಯಾಪಾರ ಆಗಲಿಲ್ಲ, ಹುಳು ಕಾಲುವೆ ಸೇರಿತು. ಆಮೇಲೆ ಎಳೆ ಭತ್ತದ ಸಸಿಯನ್ನು ಬುಡದಲ್ಲೇ ಕತ್ತರಿಸಿ ತಿನ್ನುತ್ತಾ ಆಗ್ನೇಯ ಏಷ್ಯಾದ ಗದ್ದೆಗಳನ್ನು ಹಾಳುಮಾಡಿತು. ನೀರಿನ ಮೇಲೆ ಕಡ್ಡಿಗೆ, ಗೋಡೆಗೆ ಗುಲಾಬಿ ಮೊಟ್ಟೆಯ ಗೊಂಚಲು ಅಂಟಿಸುವುದು ಅದರ ಗುರುತು. ಅಂಗಡಿಯಲ್ಲಿ 'ಮಿಸ್ಟರಿ ಸ್ನೇಲ್' ಅಂತ ಮಾರುವುದು ಇದರ ಹತ್ತಿರದ ನೆಂಟ, ಬೇರೆ ಜಾತಿ, ಅಷ್ಟು ಗಿಡ ತಿನ್ನುವುದಿಲ್ಲ. ಆದರೆ ಚಿಕ್ಕದಿದ್ದಾಗ ಎರಡನ್ನೂ ಬೇರೆ ಮಾಡಿ ಗುರುತಿಸುವುದು ನನಗೂ ಕಷ್ಟ. ಭತ್ತ ಬೆಳೆಯುವ ಮನೆಯಲ್ಲಿ ಆಪಲ್ ಬಳಗದ ಯಾವ ಬಸವನಹುಳುವೂ ಬೇಡ ಅನ್ನುವುದು ನನ್ನ ಹಠ.

ಗಾಜು ಸ್ವಚ್ಛ ಮಾಡುತ್ತದೆ ಅಂತ ಕೊಡುವ ಸಕ್ಕರ್ ಮೀನು, ಅದೂ ದಕ್ಷಿಣ ಅಮೆರಿಕದ್ದೇ. ಅಂಗಡಿಯಲ್ಲಿ ಬೆರಳುದ್ದ, ಕೆಲವು ವರ್ಷದಲ್ಲಿ ಮೊಳದ ಹತ್ತಿರ. ಮೈಯೆಲ್ಲ ಗಟ್ಟಿ ಕವಚ, ರೆಕ್ಕೆಗೆ ಮುಳ್ಳು. ದೇಶದ ಹಲವು ಕೆರೆ ನದಿಗಳಲ್ಲಿ ಈಗಾಗಲೇ ಸಂಸಾರ ಹೂಡಿದೆ. ಮೀನುಗಾರರ ಬಲೆ ಹರಿಯುತ್ತದೆ, ಮೊಟ್ಟೆಯಿಡಲು ಮಣ್ಣಿನ ದಂಡೆಯಲ್ಲಿ ಬಿಲ ಕೊರೆಯುತ್ತದೆ, ಪೇಟೆಯಲ್ಲಿ ಕೊಳ್ಳುವವರಿಲ್ಲ. ನೀವು ಕಾಟ್ಲಾ, ರೋಹು ಮರಿ ಬಿಟ್ಟ ಹೊಂಡದಲ್ಲಿ ಇದು ಸೇರಿದರೆ ಅವುಗಳ ಊಟದಲ್ಲೂ ಪಾಲು ಕೇಳುತ್ತದೆ. ಹೊಂಡ ನಮ್ಮದೇ ಅಲ್ವಾ ಅಂತೀರಾ? ಆಗಸ್ಟಿನಲ್ಲಿ ಅದು ಕೋಡಿ ಬಿದ್ದು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಹೋಗುತ್ತದೆ.

ಗಿಡವೂ ಅಷ್ಟೇ. ಸಾಲ್ವಿನಿಯಾ ಎಂಬ ತೇಲುವ ಜರಿಗಿಡ ಕೆರೆ ಮುಚ್ಚಿದರೆ ಕೆಳಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. 1983-84ರಲ್ಲಿ ಬೆಂಗಳೂರಿನ ಒಂದು ತಾವರೆ ಕೊಳದಲ್ಲಿ ಇದರ ಮೇಲೆ ಸಣ್ಣದೊಂದು ಮೂತಿಹುಳುವನ್ನು ಬಿಟ್ಟು ನೋಡಿದರು, ಹನ್ನೊಂದು ತಿಂಗಳಲ್ಲಿ ಕಳೆ ಕುಸಿಯಿತು. ನಮ್ಮ ದೇಶದ ಜೈವಿಕ ಕಳೆ ನಿಯಂತ್ರಣದಲ್ಲಿ ದೊಡ್ಡ ಗೆಲುವು ಅದು. ಆದರೆ ಎಲ್ಲ ಕಳೆಗೂ ಇಂಥ ಹುಳು ಸಿಗುವುದಿಲ್ಲ, ಸಿಕ್ಕರೂ ಹುಡುಕಿ, ಪರೀಕ್ಷಿಸಿ, ತರಲು ವರ್ಷಗಳು ಬೇಕು.

ಹೆಚ್ಚಾದ ಗಿಡವನ್ನು ನಾನು ಕಾಂಕ್ರೀಟ್ ಕಣದ ಮೇಲೆ ಬಿಸಿಲಿಗೆ ಹರಡಿ, ಗರಿಗರಿ ಒಣಗಿದ ಮೇಲೆ ಕಾಂಪೋಸ್ಟಿಗೆ ಹಾಕುತ್ತೇನೆ. ಹೆಚ್ಚಾದ ಮೀನನ್ನು ಸಾಕುವ ಗೆಳೆಯರಿಗೆ ಕೊಡುತ್ತೇನೆ, ಅಂಗಡಿಯವರೂ ಸುಮಾರು ಸಲ ವಾಪಸ್ ತಗೊಳ್ಳುತ್ತಾರೆ. ವಾರಕ್ಕೊಮ್ಮೆ ತೆಗೆಯುವ ಹದಿನೈದು ಲೀಟರ್ ನೀರು ಕರಿಬೇವಿನ ಬುಡಕ್ಕೆ. ನೈಟ್ರೇಟ್ ಇರುವ ನೀರು, ಚರಂಡಿಗೆ ಬಿಡುವುದು ದಡ್ಡತನ. ಅದರಲ್ಲೂ ಬಸವನಹುಳುವಿನ ಮೊಟ್ಟೆ, ಗಿಡದ ತುಂಡು ಇದ್ದೇ ಇರುತ್ತದೆ, ಅದಕ್ಕೇ ನೀರು ಹರಿದು ಹೋಗದ ಒಣ ಜಾಗ ನೋಡಿ ಹಾಕಬೇಕು.

ಇದರಿಂದ ದುಡ್ಡು ಮಾಡಬಹುದಾ ಅಂತ ಕೇಳುವವರಿಗೆ ಎರಡು ಮಾತು. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಅಲಂಕಾರಿಕ ಮೀನು ಘಟಕಕ್ಕೆ ಸಹಾಯಧನ ಇದೆ, ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರು ಮತ್ತು ಪರಿಶಿಷ್ಟರಿಗೆ ಶೇ 60. ಯೂಟ್ಯೂಬಿನಲ್ಲಿ ಲಕ್ಷದ ಲೆಕ್ಕ ಹೇಳುವವರು ಅದನ್ನೇ ತೋರಿಸುತ್ತಾರೆ. ಷೆಡ್ಡು ಹಾಕುವ ಮೊದಲು ಒಂದೇ ಒಂದು ತೊಟ್ಟಿಯನ್ನು ಒಂದು ವರ್ಷ, ಒಂದು ಬೇಸಿಗೆ, ಒಂದು ಮಳೆಗಾಲ, ನಾಲ್ಕೈದು ಕರೆಂಟ್ ಹೋದ ರಾತ್ರಿ ದಾಟಿಸಿ. ಅದಾದ ಮೇಲೂ ಆಸೆ ಇದ್ದರೆ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ.

ಆ ಹುಡುಗ ಹೋದ ವಾರ ಮತ್ತೆ ಫೋನ್ ಮಾಡಿದ್ದ. ಉಳಿದ ಮೂರು ಮೀನು ಇನ್ನೂ ಇವೆಯಂತೆ. ದಿನಾ ಕಾಲು ಭಾಗ ನೀರು ಬದಲಿಸಿ, ಆಹಾರ ಎರಡು ದಿನಕ್ಕೊಮ್ಮೆ ಮಾಡಿ, ಗದ್ದೆಯ ರೊಟಾಲಾ ತಂದು ಟಬ್ಬಿನಲ್ಲಿ ಇಟ್ಟಿದ್ದಾನೆ. "ಅಣ್ಣಾ, ಸೀಗಡಿ ತರಲಾ?" ಅಂದ.

"ನೀರು ಯಾವ ಬಕೆಟ್ಟಲ್ಲಿ ಹಾಕ್ತಿದ್ದೀಯಾ, ಮೊದಲು ಅದು ಹೇಳು" ಅಂದೆ.